ಮೊದಲ ಎಫ್‌ಪಿಜಿಎ ಪ್ರಾಜೆಕ್ಟ್: ಶುರು ಮಾಡೋ ಮುಂಚೆ ಏನೇನು ಲೆಕ್ಕ ಹಾಕ್ಕೊಂಡಿರಬೇಕು?

ಫರ್ಮ್‌ವೇರ್_ಕೈ

ಎಲ್ಲರಿಗೂ ನಮಸ್ಕಾರ. ಇಲ್ಲೀತನಕ ಮೈಕ್ರೋಕಂಟ್ರೋಲರ್ ಮೇಲೆ ಸಿ ಬರೆದುಕೊಂಡು ಬಂದವನು ನಾನು. ವೆರಿಲಾಗ್ (ಹಾರ್ಡ್‌ವೇರ್ ವಿವರಿಸೋ ಭಾಷೆ) ಬರುತ್ತೆ, ಆದರೆ ಡೆವಲಪ್‌ಮೆಂಟ್ ಬೋರ್ಡಲ್ಲಿ ಎಲ್‌ಇಡಿ ಮಿನುಗಿಸೋದು, ಒಂದು ಯುಆರ್ಟ್ ಬರೆಯೋದು, ಅಷ್ಟರ ಮಟ್ಟಿಗೆ. ಈಗ ಒಂದು ಪೂರ್ತಿ ಉತ್ಪನ್ನದ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬೋ ಚಿಪ್) ಭಾಗ ನನ್ನ ಹೆಗಲಿಗೆ ಬಿದ್ದಿದೆ.

ಕೆಲಸ ಏನಪ್ಪಾ ಅಂದ್ರೆ, ಮೋಟಾರ್ ಡ್ರೈವ್ ಒಂದರ ನಾಲ್ಕು ಕರೆಂಟ್, ನಾಲ್ಕು ವೋಲ್ಟೇಜ್, ಒಟ್ಟು 8 ಚಾನೆಲ್ ಒಂದೇ ಕ್ಷಣಕ್ಕೆ ಸ್ಯಾಂಪಲ್ ಆಗಬೇಕು. ಪ್ರತಿ ಸ್ಯಾಂಪಲ್ 16 ಬಿಟ್, ಪ್ರತಿ ಚಾನೆಲ್ ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್. ಒಂದೊಂದು ಚಾನೆಲ್‌ಗೂ 64 ಟ್ಯಾಪಿನ ಎಫ್‌ಐಆರ್ ಫಿಲ್ಟರ್ (ಕೊನೆಯ 64 ಸ್ಯಾಂಪಲ್‌ಗಳನ್ನು ಒಂದೊಂದು ಗುಣಾಂಕದಿಂದ ಗುಣಿಸಿ ಕೂಡಿಸೋದು). ಏನಾದರೂ ಫಾಲ್ಟ್ ಆದರೆ, ಅದಕ್ಕಿಂತ 2 ಸೆಕೆಂಡ್ ಹಿಂದಿನಿಂದ ಹಿಡಿದು 1 ಸೆಕೆಂಡ್ ಮುಂದಿನವರೆಗಿನ ಡೇಟಾ ಪೂರ್ತಿ ಪಿಸಿಗೆ ಹೋಗಬೇಕು. ಇದರ ಜೊತೆಗೆ ಓವರ್‌ಕರೆಂಟ್ ಆದ 5 ಮೈಕ್ರೋಸೆಕೆಂಡ್ ಒಳಗೆ ಗೇಟ್ ಡ್ರೈವರ್ (ಮೋಟಾರಿನ ಪವರ್ ಸ್ವಿಚ್‌ಗಳನ್ನು ನಡೆಸೋ ಚಿಪ್) ಆಫ್ ಆಗಬೇಕು ಅಂತಲೂ ಸ್ಪೆಸಿಫಿಕೇಶನ್‌ನಲ್ಲಿ ಒಂದು ಸಾಲಿದೆ.

ಮ್ಯಾನೇಜರ್ ಹೇಳೋದು: "ಆರ್ಟಿಕ್ಸ್-7 ಸರಣಿಯಲ್ಲಿ 100ಟಿ ತಗೊಂಡುಬಿಡಿ, ದೊಡ್ಡದಿದ್ದರೆ ತಲೆನೋವಿಲ್ಲ, ಬೋರ್ಡ್ ಈಗಲೇ ಶುರು ಮಾಡೋಣ." ನನಗೆ ಅಷ್ಟು ಧೈರ್ಯ ಬರ್ತಿಲ್ಲ. ಚಿಪ್ ಆರಿಸೋದಕ್ಕೆ, ಬೋರ್ಡ್ ಶುರು ಮಾಡೋದಕ್ಕೆ ಮುಂಚೆ ಯಾವ್ಯಾವುದನ್ನು ಇತ್ಯರ್ಥ ಮಾಡಿಕೊಂಡಿರಬೇಕು? ಸಾಫ್ಟ್‌ವೇರ್ ಕಡೆಯಿಂದ ಬಂದವರು ಸಾಮಾನ್ಯವಾಗಿ ಎಲ್ಲಿ ಸಿಕ್ಕಿಹಾಕಿಕೊಳ್ತಾರೆ ಅಂತಲೂ ಹೇಳಿ.

ಮಿತವ್ಯಯಿ

ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು: ಎಫ್‌ಪಿಜಿಎ ಬೇಕೇ ಬೇಕಾ?

ನಿಮ್ಮ ಫಿಲ್ಟರ್ ಲೆಕ್ಕ ನೋಡಿ. 8 ಚಾನೆಲ್, 64 ಟ್ಯಾಪ್, 10 ಲಕ್ಷ ಸ್ಯಾಂಪಲ್. ಗುಣಿಸಿದರೆ ಸೆಕೆಂಡಿಗೆ 51.2 ಕೋಟಿ ಗುಣಾಕಾರ. 480 ಮೆಗಾಹರ್ಟ್ಸ್‌ನ ಕಾರ್ಟೆಕ್ಸ್-ಎಂ7 ಒಂದು ಸೈಕಲ್‌ಗೆ 16 ಬಿಟ್‌ನ ಎರಡು ಗುಣಾಕಾರ ಮಾಡಬಲ್ಲದು, ಕಾಗದದ ಮೇಲೆ 96 ಕೋಟಿ. ಆದರೆ ಡೇಟಾ ಎತ್ತಿಡೋದು, ಡಿಎಂಎ, ಇಂಟರಪ್ಟ್, ನೆಟ್‌ವರ್ಕ್ ಎಲ್ಲ ಸೇರಿದರೆ ಉಸಿರಾಡೋಕೆ ಜಾಗ ಇರಲ್ಲ. ಅದೇ ಸೆಕೆಂಡಿಗೆ 1 ಲಕ್ಷ ಸ್ಯಾಂಪಲ್ ಸಾಕು ಅಂತಾದರೆ 5 ಕೋಟಿ ಚಿಲ್ಲರೆ, ಮೈಕ್ರೋಕಂಟ್ರೋಲರ್ ಆರಾಮಾಗಿ ಮಾಡುತ್ತೆ. ಈ 10 ಲಕ್ಷ ಎಲ್ಲಿಂದ ಬಂತು? ಯಾರೋ ರೌಂಡ್ ಫಿಗರ್ ಬರೆದದ್ದಾ, ಇಲ್ಲ ಸಿಗ್ನಲ್ ನೋಡಿ ಬರೆದದ್ದಾ?

ಫರ್ಮ್‌ವೇರ್_ಕೈ

ಸಿಗ್ನಲ್ ನೋಡಿಯೇ ಬರೆದದ್ದು. ಸ್ವಿಚಿಂಗ್ ಟ್ರಾನ್ಸಿಯೆಂಟ್ ಕಾಣಬೇಕು, 150 ಕಿಲೊಹರ್ಟ್ಸ್‌ವರೆಗೆ ಬೇಕಂತೆ. ಇಳಿಸೋಕಾಗಲ್ಲ.

ಹಳೇ_ಆಸಿಲೋಸ್ಕೋಪ್

ಹಾಗಾದರೆ ಎಫ್‌ಪಿಜಿಎ ಸರಿಯಾದ ಆಯ್ಕೆಯೇ. 5 ಮೈಕ್ರೋಸೆಕೆಂಡ್ ಸಾಲೊಂದೇ ಸಾಕು ಅದಕ್ಕೆ. ಆದರೆ ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡಿ. ಚಿಪ್‌ನ ಹೆಸರು ಕೊನೆಗೆ ಬರಲಿ. ಮೊದಲು ಒಂದು ದೊಡ್ಡ ಹಾಳೆ ತಗೊಂಡು ಡೇಟಾದ ದಾರಿ ಬರೆಯಿರಿ: ಸೆಕೆಂಡಿಗೆ ಎಷ್ಟು ಬಿಟ್ ಒಳಗೆ ಬರುತ್ತೆ, ಎಲ್ಲಿ ಎಷ್ಟು ಹೊತ್ತು ಕಾಯುತ್ತೆ, ಎಲ್ಲಿಂದ ಆಚೆ ಹೋಗುತ್ತೆ. ಪ್ರತಿ ಬಾಣದ ಮೇಲೂ ಒಂದು ಸಂಖ್ಯೆ ಇರಬೇಕು. ಸಂಖ್ಯೆ ಇಲ್ಲದ ಬಾಣ ಉಳಿದಿದ್ದರೆ ಪ್ಲಾನಿಂಗ್ ಮುಗಿದಿಲ್ಲ ಅಂತ ಅರ್ಥ. ನಿಮ್ಮ ಪ್ರಾಜೆಕ್ಟನ್ನೇ ಇಟ್ಟುಕೊಂಡು ಮಾಡಿ ತೋರಿಸ್ತೀನಿ.

8 ಚಾನೆಲ್, 16 ಬಿಟ್, 10 ಲಕ್ಷ ಸ್ಯಾಂಪಲ್: ಸೆಕೆಂಡಿಗೆ 128 ಮೆಗಾಬಿಟ್, ಅಂದ್ರೆ 16 ಮೆಗಾಬೈಟ್. ಇದು ಒಳಗೆ ಬರೋ ಬಾಣ. 2 ಸೆಕೆಂಡ್ ಹಿಂದೆ, 1 ಸೆಕೆಂಡ್ ಮುಂದೆ, ಒಟ್ಟು 3 ಸೆಕೆಂಡ್ ಕಾಯಬೇಕು, ಅಂದ್ರೆ 48 ಮೆಗಾಬೈಟ್. ಈಗ ಮ್ಯಾನೇಜರ್ ಹೇಳಿದ ಚಿಪ್ ನೋಡಿ. 100ಟಿಯಲ್ಲಿ 36 ಕಿಲೊಬಿಟ್‌ನ, ಚಿಪ್ ಒಳಗೇ ಇರೋ ಬ್ಲಾಕ್ ರ್‍ಯಾಮ್ 135 ಇವೆ. ಪೂರ್ತಿ ನಿಮ್ಮ ಬಫರ್‌ಗೇ ಕೊಟ್ಟರೂ ಹಿಡಿಸೋದು ಸುಮಾರು 39 ಮಿಲಿಸೆಕೆಂಡಿನ ಡೇಟಾ. ಅದೇ ಸರಣಿಯ ಚಿಕ್ಕ ಚಿಪ್ 35ಟಿಯಲ್ಲಿ 50 ಇವೆ, 14 ಮಿಲಿಸೆಕೆಂಡ್. ನಿಮಗೆ ಬೇಕಾದ್ದು 3,000. ದೊಡ್ಡ ಚಿಪ್ ತಗೊಂಡರೂ ಚಿಕ್ಕದು ತಗೊಂಡರೂ ಹೊರಗಡೆ ಮೆಮೊರಿ ಬೇಕೇ ಬೇಕು. "ದೊಡ್ಡದಿದ್ದರೆ ತಲೆನೋವಿಲ್ಲ" ಅನ್ನೋದು ಇಲ್ಲೇ ಬಿದ್ದುಹೋಯ್ತು.

ಹೊರಗಿನ ಮೆಮೊರಿ ಅಂದ ತಕ್ಷಣ ಎಲ್ಲರ ಬಾಯಲ್ಲೂ ಡಿಡಿಆರ್3 ಬರುತ್ತೆ. ಸ್ವಲ್ಪ ತಡೀರಿ. ನಿಮಗೆ ಬೇಕಾದ ವೇಗ ಎಷ್ಟು? ಬರೆಯೋದು 16 ಮೆಗಾಬೈಟ್, ಓದೋದು ಅದರ ಎರಡು ಮೂರು ಪಟ್ಟು ಅಂತಿಟ್ಟುಕೊಂಡರೂ ಎಲ್ಲ ಸೇರಿ 60ರ ಆಸುಪಾಸು. ಹಳೇ ಕಾಲದ 16 ಬಿಟ್ ಅಗಲದ ಎಸ್‌ಡಿರ್‍ಯಾಮ್, ಡಬಲ್ ಡೇಟಾ ರೇಟ್ ಅಲ್ಲದ್ದು, 100 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಗರಿಷ್ಠ 200 ಮೆಗಾಬೈಟ್ ಕೊಡುತ್ತೆ. ರಿಫ್ರೆಶ್, ರೋ ತೆರೆಯೋದು, ಓದಿನಿಂದ ಬರಹಕ್ಕೆ ತಿರುಗೋದು, ಇದೆಲ್ಲ ಕಳೆದರೂ ಸಾಕಾಗಿ ಮಿಗುತ್ತೆ. 512 ಮೆಗಾಬಿಟ್‌ನ ಒಂದು ಚಿಪ್ಪಿನಲ್ಲಿ 64 ಮೆಗಾಬೈಟ್ ಜಾಗ, ನಿಮಗೆ ಬೇಕಾದ್ದು 48. ಪಿನ್ ಸುಮಾರು 39 ಹೋಗುತ್ತೆ ನಿಜ. ಆದರೆ ಟ್ರೇಸ್ ಉದ್ದ ಹೊಂದಿಸೋ ಡಿಡಿಆರ್3 ಕಾಟ ಇಲ್ಲ, ಅದಕ್ಕೇ ಒಂದು ಪ್ರತ್ಯೇಕ ವೋಲ್ಟೇಜ್ ಇಲ್ಲ, ಕ್ಯಾಲಿಬ್ರೇಶನ್ ಇಲ್ಲ, ಕಂಟ್ರೋಲರನ್ನು ನೀವೇ ಬರೆದು ಸಿಮ್ಯುಲೇಟ್ ಮಾಡಬಹುದು. ಮೊದಲ ಪ್ರಾಜೆಕ್ಟಿಗೆ ನಾನಂತೂ ಇದನ್ನೇ ಆರಿಸ್ತೀನಿ. ಯಾರಾದರೂ "ಅದು ಹಳೇ ಟೆಕ್ನಾಲಜಿ" ಅಂದರೆ ನಗುತ್ತಾ ಹೌದು ಅನ್ನಿ.

ಈಗ ಗುಣಾಕಾರ. ಮಿತವ್ಯಯಿ ಅವರು 51.2 ಕೋಟಿ ಅಂದರು. ಸಾಫ್ಟ್‌ವೇರ್ ಕಡೆಯಿಂದ ಬಂದವರು ಇದನ್ನು ಕೇಳಿ 8 ಸಲ 64 ಅಂತ 512 ಗುಣಕಗಳನ್ನು ಹಾಕೋಕೆ ಹೋಗ್ತಾರೆ. 100ಟಿಯಲ್ಲೂ ಡಿಎಸ್‌ಪಿ ಸ್ಲೈಸ್ (ಗುಣಿಸಿ ಕೂಡಿಸೋ ಸಿದ್ಧ ಬ್ಲಾಕ್) ಇರೋದು 240. ಗಾಬರಿ ಬೇಡ. ನಿಮ್ಮ ಮುಖ್ಯ ಕ್ಲಾಕ್ 100 ಮೆಗಾಹರ್ಟ್ಸ್ ಅಂದರೆ ಎರಡು ಸ್ಯಾಂಪಲ್ ನಡುವೆ 100 ಸೈಕಲ್ ಸಿಗುತ್ತೆ. 64 ಟ್ಯಾಪಿಗೆ 64 ಸೈಕಲ್. ಅಂದ್ರೆ ಒಂದು ಚಾನೆಲ್‌ಗೆ ಒಂದೇ ಒಂದು ಡಿಎಸ್‌ಪಿ ಸಾಕು, ಅದೂ ಮೂರನೇ ಒಂದು ಭಾಗ ಹೊತ್ತು ಸುಮ್ಮನೆ ಕೂತಿರುತ್ತೆ. ಒಟ್ಟು 8. 35ಟಿಯಲ್ಲಿ 90 ಇವೆ. ಅಕ್ಯುಮುಲೇಟರ್ ಅಗಲವನ್ನೂ ಈಗಲೇ ಬರೆದಿಡಿ: 16 ಬಿಟ್ ಡೇಟಾ, 18 ಬಿಟ್ ಗುಣಾಂಕ, ಗುಣಲಬ್ಧ 34 ಬಿಟ್, 64 ಸಲ ಕೂಡಿಸೋದಕ್ಕೆ ಇನ್ನು 6. ಒಟ್ಟು 40. ಆ ಸ್ಲೈಸಿನ ಅಕ್ಯುಮುಲೇಟರ್ 48 ಬಿಟ್, ಉಕ್ಕಿ ಹರಿಯೋ ಪ್ರಶ್ನೆಯೇ ಇಲ್ಲ. ಕೊನೆಗೆ 40ರಿಂದ 16ಕ್ಕೆ ಇಳಿಸುವಾಗ ರೌಂಡ್ ಮಾಡ್ತೀರೋ, ಸುಮ್ಮನೆ ಕತ್ತರಿಸ್ತೀರೋ, ಮಿತಿ ಮೀರಿದರೆ ಸ್ಯಾಚುರೇಟ್ ಮಾಡ್ತೀರೋ, ಇದನ್ನು ಕೋಡ್ ಬರೆಯೋ ದಿನ ಅಲ್ಲ, ಇವತ್ತೇ ನಿರ್ಧರಿಸಿ.

ಈಗ ನಿಜವಾದ ಗುಂಡಿ ಎಲ್ಲಿದೆ ನೋಡಿ. ಬಾಣದ ಮೇಲೆ ಬಿಟ್ ಸಂಖ್ಯೆ ಬರೆದ ಹಾಗೇ ತಡ ಎಷ್ಟು ಅಂತಲೂ ಬರೆಯಬೇಕು. 64 ಟ್ಯಾಪಿನ ಸಮ್ಮಿತ ಎಫ್‌ಐಆರ್ ಫಿಲ್ಟರ್ ಸಿಗ್ನಲನ್ನು 31.5 ಸ್ಯಾಂಪಲ್ ತಡ ಮಾಡುತ್ತೆ. ನಿಮ್ಮ ಲೆಕ್ಕದಲ್ಲಿ 31.5 ಮೈಕ್ರೋಸೆಕೆಂಡ್. ಟ್ರಿಪ್ (ಗೇಟ್ ಡ್ರೈವರ್ ಆಫ್) ಆಗಬೇಕಾದ್ದು 5ರಲ್ಲಿ. ಫಿಲ್ಟರ್ ಆದಮೇಲಿನ ಡೇಟಾ ನೋಡಿ ಓವರ್‌ಕರೆಂಟ್ ಪತ್ತೆ ಹಚ್ಚೋ ಡಿಸೈನ್ ಮಾಡಿದರೆ, ನೀವು 500 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೂ ಅದು ಸೋತಂತೆಯೇ. ಆ ತಡ ಗಣಿತದ್ದು, ಸಿಲಿಕಾನ್‌ನದ್ದಲ್ಲ. ಹಾಗಾಗಿ ಟ್ರಿಪ್ ದಾರಿ ಎಡಿಸಿಯಿಂದ (ಅನಲಾಗ್ ಸಿಗ್ನಲನ್ನು ಸಂಖ್ಯೆ ಮಾಡೋ ಚಿಪ್) ಬಂದ ಹಸಿ ಡೇಟಾದಿಂದಲೇ ಕವಲೊಡೆಯಬೇಕು, ಫಿಲ್ಟರ್ ದಾರಿ ಬೇರೆ. ಸ್ಪೆಸಿಫಿಕೇಶನ್ ಓದುವಾಗ ಈ ಎರಡು ಸಾಲು ಬೇರೆ ಬೇರೆ ಪುಟದಲ್ಲಿರುತ್ತವೆ, ಜೊತೆಗಿಟ್ಟು ಓದೋವರೆಗೂ ಜಗಳ ಕಾಣಲ್ಲ. ಹಾಳೆಯ ಮೇಲೆ ದಾರಿ ಬರೆಯಿರಿ ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಇನ್ನು ಕ್ಲಾಕ್. ನಿಮ್ಮ ಹಾಳೆಯಲ್ಲಿ ಪ್ರತಿ ಕ್ಲಾಕ್‌ಗೂ ಒಂದೊಂದು ಬಣ್ಣ ಹಚ್ಚಿ. ಎಡಿಸಿ ಕಡೆ ಒಂದು, ಮುಖ್ಯ ಲಾಜಿಕ್ ಒಂದು, ಪಿಸಿ ಕಡೆ ಒಂದೋ ಎರಡೋ. ಬಣ್ಣ ಬದಲಾಗೋ ಪ್ರತಿ ಗೆರೆಯ ಮೇಲೂ ಹೇಗೆ ದಾಟಿಸ್ತೀರಿ ಅಂತ ಬರೆಯಿರಿ. ಒಂದೇ ಬಿಟ್ ಆದರೆ ಎರಡು ಫ್ಲಿಪ್‌ಫ್ಲಾಪ್‌ನ ಸಿಂಕ್ರೊನೈಸರ್. ಒಂದಕ್ಕಿಂತ ಹೆಚ್ಚು ಬಿಟ್ ಜೊತೆಜೊತೆಗೆ ಹೋಗಬೇಕಾದರೆ ಗ್ರೇ ಕೋಡ್ ಪಾಯಿಂಟರ್ ಇರೋ ಅಸಿಂಕ್ರೊನಸ್ ಫಿಫೊ (ಮೊದಲು ಬಂದದ್ದು ಮೊದಲು ಹೋಗೋ ಸಾಲು). 16 ಬಿಟ್‌ನ ಪ್ರತಿ ತಂತಿಗೂ ಎರಡೆರಡು ಫ್ಲಿಪ್‌ಫ್ಲಾಪ್ ಹಾಕಿ ದಾಟಿಸಿದೆ ಅನ್ನೋರು ಇನ್ನೂ ಇದ್ದಾರೆ. ಒಂದೊಂದು ಬಿಟ್ ಒಂದೊಂದು ಸೈಕಲ್‌ನಲ್ಲಿ ತಲುಪಿ, ಅಪರೂಪಕ್ಕೊಮ್ಮೆ ಇಲ್ಲದ ಸಂಖ್ಯೆ ಹುಟ್ಟುತ್ತೆ. ನಿಮಗೆ ಆ ಇಲ್ಲದ ಸಂಖ್ಯೆ ಓವರ್‌ಕರೆಂಟ್ ಥರ ಕಂಡರೆ ಮೋಟಾರ್ ಸುಮ್‌ಸುಮ್ನೆ ನಿಲ್ಲುತ್ತೆ. ಸಿಮ್ಯುಲೇಶನ್‌ನಲ್ಲಿ ಇದು ಕಾಣಲ್ಲ.

ವಿವಾಡೊ (ಆರ್ಟಿಕ್ಸ್-7ರ ಡಿಸೈನ್ ಟೂಲ್) ಯಾವ ಎರಡು ಕ್ಲಾಕ್ ಕೊಟ್ಟರೂ ಅವುಗಳ ನಡುವೆ ಸಂಬಂಧ ಇದೆ ಅಂತಲೇ ಹಿಡಿದು ಟೈಮಿಂಗ್ ನೋಡುತ್ತೆ. ಕೆಂಪು ಸಂಖ್ಯೆ ಕಂಡು ಬೇಸತ್ತು ಜನ ಸೆಟ್ ಕ್ಲಾಕ್ ಗ್ರೂಪ್ಸ್ ಅಂತ ಒಂದೇ ಸಾಲು ಹಾಕಿ ಎಲ್ಲ ಬಾಯಿ ಮುಚ್ಚಿಸ್ತಾರೆ. ಅದು ನೀವು ಬೇರೆ ಕಡೆ ಹಾಕಿದ ಸೆಟ್ ಮ್ಯಾಕ್ಸ್ ಡಿಲೇಯನ್ನೂ ನುಂಗಿಹಾಕುತ್ತೆ. ದಾಟುವ ಜಾಗಗಳ ಪಟ್ಟಿ ಮೊದಲೇ ಇದ್ದರೆ ಒಂದೊಂದಕ್ಕೂ ತಕ್ಕ ಸಾಲು ಬರೆಯಬಹುದು.

ಕ್ಲಾಕ್ ಬಗ್ಗೆ ಇನ್ನೊಂದೇ ಮಾತು. ಎಡಿಸಿಯ ಸ್ಯಾಂಪಲ್ ಕ್ಷಣವನ್ನು ಎಫ್‌ಪಿಜಿಎ ಒಳಗಿನ ಪಿಎಲ್‌ಎಲ್‌ನಿಂದ (ಬೇರೆ ಬೇರೆ ವೇಗದ ಕ್ಲಾಕ್ ಮಾಡಿಕೊಡೋ ಬ್ಲಾಕ್) ಹುಟ್ಟಿಸಬೇಡಿ. ನಿಮ್ಮ 150 ಕಿಲೊಹರ್ಟ್ಸ್ ಸಿಗ್ನಲ್‌ಗೆ ಸ್ಯಾಂಪಲ್ ಕ್ಷಣ 100 ಪಿಕೋಸೆಕೆಂಡ್ ಅಲುಗಾಡಿದರೆ ಸಿಗ್ನಲ್-ನಾಯ್ಸ್ ಅನುಪಾತ 80 ಡೆಸಿಬೆಲ್ ಹತ್ತಿರಕ್ಕೆ ಬಂದು ನಿಲ್ಲುತ್ತೆ. ಅಲ್ಲಿಗೆ 16 ಬಿಟ್ ಎಡಿಸಿ 13 ಬಿಟ್‌ನದಾಯ್ತು. ಒಳ್ಳೆ ಆಸಿಲೇಟರಿನಿಂದ ಬೋರ್ಡ್ ಮೇಲೇ ಒಂದು ಫ್ಲಿಪ್‌ಫ್ಲಾಪ್ ದಾಟಿಸಿ ಎಡಿಸಿಗೆ ಕೊಡಿ, ಎಫ್‌ಪಿಜಿಎ ಬರೀ ಯಾವಾಗ ಅಂತ ಹೇಳಲಿ.

ಹೊರಹೋಗೋ ಬಾಣಕ್ಕೆ ನಿಮ್ಮ ಗ್ರಾಹಕರನ್ನೇ ಕೇಳಬೇಕು: ಒಂದು ಫಾಲ್ಟ್ ಆದಮೇಲೆ ಇನ್ನೊಂದು ಕನಿಷ್ಠ ಎಷ್ಟು ಹೊತ್ತಿಗೆ ಬರಬಹುದು? 48 ಮೆಗಾಬೈಟ್ ಅಂದರೆ 384 ಮೆಗಾಬಿಟ್. 100 ಮೆಗಾಬಿಟ್ ಈಥರ್‌ನೆಟ್‌ನಲ್ಲಿ ಖಾಲಿಯಾಗೋಕೆ 4 ಸೆಕೆಂಡ್ ಬೇಕು. ಅಷ್ಟರಲ್ಲಿ ಎರಡನೇದು ಬಂದರೆ ಯಾವುದನ್ನು ಬಿಟ್ಟುಬಿಡೋದು? ಫಾಲ್ಟ್‌ಗಳು ಒಂದರ ಹಿಂದೆ ಒಂದು ಬರೋದೇ ಜಾಸ್ತಿ. ಯುಎಸ್‌ಬಿ 2.0ಗೆ ಎಫ್‌ಟಿ232ಎಚ್ ಥರದ ಫಿಫೊ ಚಿಪ್ ಹಾಕಿದರೆ ಸೆಕೆಂಡಿಗೆ 40 ಮೆಗಾಬೈಟ್‌ವರೆಗೆ ಹೋಗಬಹುದು, ಲಾಜಿಕ್ಕೂ ಸುಲಭ. ಅದನ್ನು ನೋಡಿ.

ಇಷ್ಟಾದ ಮೇಲೆ ಚಿಪ್. ನನಗೆ ಕಾಣೋ ಮಟ್ಟಿಗೆ 35ಟಿ ಸಾಕು. ಲಟ್ (ಲಾಜಿಕ್ ಕಟ್ಟೋ ಚಿಕ್ಕ ಘಟಕ) ಎಷ್ಟು ಬೇಕು ಅಂತ ಕಣ್ಣಳತೆಯಲ್ಲಿ ಹೇಳೋದು ಬೇಡ, ಫಿಲ್ಟರ್ ಒಂದು, ಎಸ್‌ಡಿರ್‍ಯಾಮ್ ಕಂಟ್ರೋಲರ್ ಒಂದು ಒರಟಾಗಿ ಬರೆದು ಸಿಂಥಸೈಸ್ ಮಾಡಿ ನೋಡಿ. 35ಟಿಯ 20,800 ಲಟ್‌ನಲ್ಲಿ 70 ಶೇಕಡ ದಾಟದಿದ್ದರೆ ಸರಿ. ಸಿಎಸ್‌ಜಿ324 ಪ್ಯಾಕೇಜ್ 15ಟಿಯಿಂದ 100ಟಿವರೆಗೆ ಸಿಗುತ್ತೆ. ಅದನ್ನೇ ಬೋರ್ಡ್ ಮೇಲೆ ಇಟ್ಟರೆ ಮುಂದೆ ದೊಡ್ಡದು ಬೇಕಾದರೂ ಅದೇ ಜಾಗದಲ್ಲಿ ಕೂರುತ್ತೆ. ಮ್ಯಾನೇಜರ್‌ಗೆ ಹೇಳೋಕೆ ಇದು ಒಳ್ಳೆ ಉತ್ತರ.

ತಾಮ್ರದ_ಪದರ

ಬೋರ್ಡ್ ಕಡೆಯಿಂದ ನಾನೊಂದಿಷ್ಟು ಹೇಳ್ತೀನಿ. ಮೊದಲಿಗೆ, ಯುಎಸ್‌ಬಿ ಬೇಡ. ಮೋಟಾರ್ ಡ್ರೈವ್ ಪಕ್ಕದಲ್ಲಿ ಪಿಸಿಯ ಗ್ರೌಂಡನ್ನು ನೇರ ಕಟ್ಟೋದು ತೊಂದರೆ ಕರೆದು ತಂದಂತೆ. 480 ಮೆಗಾಬಿಟ್ ಯುಎಸ್‌ಬಿಯನ್ನು ಐಸೊಲೇಟ್ ಮಾಡೋದೂ ಸುಲಭ ಅಲ್ಲ. ಈಥರ್‌ನೆಟ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಹೇಗೂ ಇದ್ದೇ ಇರುತ್ತೆ. ಗಿಗಾಬಿಟ್ ಹಾಕಿದರೆ ಆ 384 ಮೆಗಾಬಿಟ್ ಅರ್ಧ ಸೆಕೆಂಡಿನೊಳಗೆ ಹೋಗುತ್ತೆ. ಯುಡಿಪಿ ಪ್ಯಾಕೆಟ್ ಕಳೆದುಹೋದರೆ? ಡೇಟಾ ರ್‍ಯಾಮ್‌ನಲ್ಲೇ ಇದೆಯಲ್ಲ, ಕ್ರಮಸಂಖ್ಯೆ ಹಾಕಿ, ಪಿಸಿ ಮತ್ತೆ ಕೇಳಲಿ. ಒಂದೇ ಎಚ್ಚರ: ಆರ್‌ಜಿಎಂಐಐನಲ್ಲಿ (ಎಫ್‌ಪಿಜಿಎಗೂ ಈಥರ್‌ನೆಟ್‌ನ ಫೈ ಚಿಪ್‌ಗೂ ನಡುವಿನ ಜೋಡಣೆ) ಕ್ಲಾಕ್‌ಗೂ ಡೇಟಾಗೂ 2 ನ್ಯಾನೊಸೆಕೆಂಡ್ ಅಂತರ ಬೇಕು. ಅದನ್ನು ಫೈ ಚಿಪ್ ಹಾಕುತ್ತೋ ಎಫ್‌ಪಿಜಿಎ ಹಾಕುತ್ತೋ ಅಂತ ಈಗಲೇ ಬರೆದಿಡಿ, ಇಬ್ಬರೂ ಹಾಕಿದರೂ ಕೆಡುತ್ತೆ, ಇಬ್ಬರೂ ಬಿಟ್ಟರೂ ಕೆಡುತ್ತೆ.

ಎರಡನೇದು ನಿಮ್ಮ ಎಡಿಸಿ. ಹೈ ವೋಲ್ಟೇಜ್ ಕಡೆ ಕೂತಿರುತ್ತೆ, ಹಾಗಾಗಿ ನಡುವೆ ಡಿಜಿಟಲ್ ಐಸೊಲೇಟರ್ (ನೇರ ವಿದ್ಯುತ್ ಸಂಪರ್ಕ ಇಲ್ಲದೆ ಸಿಗ್ನಲ್ ದಾಟಿಸೋ ಚಿಪ್) ಇರುತ್ತೆ ಅಂದುಕೊಂಡಿದ್ದೀನಿ. 1 ಮೈಕ್ರೋಸೆಕೆಂಡಿನಲ್ಲಿ ಪರಿವರ್ತನೆಗೇ 700 ನ್ಯಾನೊಸೆಕೆಂಡ್ ಹೋಯ್ತು ಅನ್ನಿ. ಉಳಿದ 300ರಲ್ಲಿ 16 ಬಿಟ್ ಓದಬೇಕು, ಅಂದ್ರೆ ಸೀರಿಯಲ್ ಕ್ಲಾಕ್ 53 ಮೆಗಾಹರ್ಟ್ಸ್‌ಗಿಂತ ಮೇಲೆ. 60 ಅಂತಿಟ್ಟುಕೊಳ್ಳಿ, ಒಂದು ಬಿಟ್‌ಗೆ 16.7 ನ್ಯಾನೊಸೆಕೆಂಡ್. ಕ್ಲಾಕ್ ಐಸೊಲೇಟರ್ ದಾಟಿ ಆಚೆ ಹೋಗೋಕೆ ಹತ್ತು, ಎಡಿಸಿ ಬಿಟ್ ಹೊರಗಿಡೋಕೆ ಎಂಟು ಹತ್ತು, ವಾಪಸ್ ಬರೋಕೆ ಇನ್ನೊಂದು ಹತ್ತು. ನೀವು ಕೇಳಿದ ಬಿಟ್ ಕೈಗೆ ಬರೋ ಹೊತ್ತಿಗೆ ಮುಂದಿನ ಬಿಟ್‌ನ ಸಮಯವೂ ಮುಗಿಯುತ್ತಾ ಬಂದಿರುತ್ತೆ. ಮೈಕ್ರೋಕಂಟ್ರೋಲರ್‌ನ ಎಸ್‌ಪಿಐ ಥರ ಯೋಚಿಸಿದರೆ ಇಲ್ಲಿ ಕೆಲಸ ಆಗಲ್ಲ. ಐಸೊಲೇಟರ್‌ನಲ್ಲಿ ಇನ್ನೊಂದು ಚಾನೆಲ್ ಇಟ್ಟು, ಎಡಿಸಿ ಹತ್ತಿರ ತಲುಪಿದ ಕ್ಲಾಕನ್ನೇ ಡೇಟಾ ಜೊತೆ ವಾಪಸ್ ತನ್ನಿ, ಅದರ ಅಂಚಿನ ಮೇಲೆ ಡೇಟಾ ಹಿಡೀರಿ. ಆ ವಾಪಸ್ ಬಂದ ಕ್ಲಾಕ್ ನಿಮ್ಮ ಹಾಳೆಯಲ್ಲಿ ಇನ್ನೊಂದು ಬಣ್ಣ. ಅದು ಕ್ಲಾಕ್ ಸಾಮರ್ಥ್ಯದ ಪಿನ್ನಿಗೇ ಬರಬೇಕು, ಜೋಡಿಯಲ್ಲಿ ಪಿ ಅಂತಿರೋದಕ್ಕೆ.

ಪಿನ್ ಹಂಚೋದನ್ನು ಎಕ್ಸೆಲ್ ಹಾಳೆಯಲ್ಲಿ ಮುಗಿಸಿ ಕೈತೊಳೆದುಕೊಳ್ಳಬೇಡಿ. ಒಳಗೆ ಲಾಜಿಕ್ ಇಲ್ಲದಿದ್ದರೂ ಸರಿ, ಎಲ್ಲ ಪಿನ್, ಎಲ್ಲ ಕ್ಲಾಕ್, ಎಲ್ಲ ಐ/ಒ ಸ್ಟ್ಯಾಂಡರ್ಡ್ ಇರೋ ಒಂದು ಅಸ್ಥಿಪಂಜರ ಮಾಡಿ ಬಿಟ್‌ಸ್ಟ್ರೀಮ್ (ಚಿಪ್‌ಗೆ ತುಂಬೋ ಕೊನೆಯ ಫೈಲ್) ಆಗೋವರೆಗೆ ಟೂಲ್‌ನಲ್ಲಿ ಓಡಿಸಿ. ಒಂದೇ ಬ್ಯಾಂಕಿಗೆ 3.3 ವೋಲ್ಟ್‌ನ ಎಸ್‌ಡಿರ್‍ಯಾಮ್, 2.5 ವೋಲ್ಟ್‌ನ ಫೈ ಎರಡೂ ಬಿದ್ದಿದ್ದರೆ ಟೂಲ್ ಅಲ್ಲೇ ಬೈಯುತ್ತೆ. ಬೋರ್ಡ್ ಬಂದಮೇಲೆ ಬೈಸಿಕೊಳ್ಳೋದಕ್ಕಿಂತ ವಾಸಿ.

ಕೊನೇದು, ನನ್ನ ಪ್ರಕಾರ ನಿಮಗೆ ಎಲ್ಲಕ್ಕಿಂತ ಮುಖ್ಯವಾದ್ದು. ಆರ್ಟಿಕ್ಸ್-7 ಪವರ್ ಬಂದ ಕ್ಷಣಕ್ಕೆ ಖಾಲಿ ತಲೆ. ಫ್ಲ್ಯಾಶ್‌ನಿಂದ ಬಿಟ್‌ಸ್ಟ್ರೀಮ್ ಓದಿಕೊಳ್ಳಬೇಕು. 35ಟಿಗೆ ಅದು ಸುಮಾರು 17.5 ಮೆಗಾಬಿಟ್. ಏನೂ ಬದಲಿಸದೆ 3 ಮೆಗಾಹರ್ಟ್ಸ್, ಒಂದೇ ತಂತಿಯಲ್ಲಿ ಬಿಟ್ಟರೆ 6 ಸೆಕೆಂಡ್ ಹತ್ತಿರ ಹಿಡಿಯುತ್ತೆ. ನಾಲ್ಕು ತಂತಿ, 33 ಮೆಗಾಹರ್ಟ್ಸ್ ಮಾಡಿದರೆ 0.13 ಸೆಕೆಂಡ್. ಅಷ್ಟು ಹೊತ್ತು ನಿಮ್ಮ 5 ಮೈಕ್ರೋಸೆಕೆಂಡ್ ರಕ್ಷಣೆ ಇರೋದೇ ಇಲ್ಲ. ಆಗ ಗೇಟ್ ಎನೇಬಲ್ ಪಿನ್ ಯಾವ ಸ್ಥಿತಿಯಲ್ಲಿರುತ್ತೆ? ಪಿಯುಡಿಸಿ ಪಿನ್ನನ್ನು ಗ್ರೌಂಡ್‌ಗೆ ಕಟ್ಟಿದ್ದರೆ ಕಾನ್ಫಿಗರೇಶನ್ ನಡೆಯುವಾಗ ಎಲ್ಲ ಐ/ಒ ಪಿನ್‌ಗೂ ಒಳಗಿನ ಪುಲ್‌ಅಪ್ ಬೀಳುತ್ತೆ. ನೀವು ಹೊರಗೆ 10 ಕಿಲೊಓಮ್ ಪುಲ್‌ಡೌನ್ ಹಾಕಿ ನೆಮ್ಮದಿಯಾಗಿದ್ದರೆ ಡೇಟಾಶೀಟ್ ತೆಗೆದು ನೋಡಿ: ಆ ಪುಲ್‌ಅಪ್ 3.3 ವೋಲ್ಟ್‌ನಲ್ಲಿ 330 ಮೈಕ್ರೋಆಂಪ್‌ವರೆಗೆ ಕೊಡಬಹುದು. 10 ಕಿಲೊಓಮ್‌ಗೆ ಗುಣಿಸಿ. ನಿಮ್ಮ ಪುಲ್‌ಡೌನ್ ಇದ್ದೂ ಇಲ್ಲದಂತೆ, ಗೇಟ್ ಆನ್. 1 ಕಿಲೊಓಮ್ ಹಾಕಿ, ಪಿಯುಡಿಸಿಯನ್ನು ಮೇಲಕ್ಕೆ ಕಟ್ಟಿ. ಇಷ್ಟರ ಮೇಲೂ ಕರೆಂಟ್‌ಗೆ ಒಂದು ಅನಲಾಗ್ ಕಂಪ್ಯಾರೇಟರ್ ಇಟ್ಟು ಅದರಿಂದಲೂ ಗೇಟ್ ಆಫ್ ಆಗೋ ಹಾಗೆ ಮಾಡಿ ಅಂತ ನಾನು ಹಟ ಹಿಡೀತೀನಿ. ಎಫ್‌ಪಿಜಿಎ ಟ್ರಿಪ್ ಇರಲಿ, ಬೇಡ ಅನ್ನಲ್ಲ. ಅದೊಂದನ್ನೇ ನಂಬಬೇಡಿ.

ಟೆಸ್ಟ್‌ಬೆಂಚ್_ಪ್ರಿಯ

ಯಾರೂ ವೆರಿಫಿಕೇಶನ್ ಬಗ್ಗೆ ಮಾತೇ ಆಡಿಲ್ಲ. ರೂಢಿಯಂತೆ.

ನಿಮ್ಮ ಬಫರ್ 3 ಸೆಕೆಂಡಿನದು. 100 ಮೆಗಾಹರ್ಟ್ಸ್‌ನಲ್ಲಿ ಅದು 30 ಕೋಟಿ ಸೈಕಲ್. ಮಾಮೂಲಿ ಸಿಮ್ಯುಲೇಟರ್‌ನಲ್ಲಿ ಇದನ್ನು ಓಡಿಸೋಕೆ ಕೂತರೆ ಉತ್ತರ ಬರೋ ಹೊತ್ತಿಗೆ ಪ್ರಶ್ನೆ ಏನು ಅಂತ ಮರೆತಿರುತ್ತೀರಿ. ಅದಕ್ಕೇ ಬಫರ್ ಆಳ, ಟ್ರಿಗರ್ ಹಿಂದಿನ ಸಮಯ, ಟೈಮ್‌ಔಟ್ ಇವೆಲ್ಲ ಮೊದಲ ದಿನದಿಂದ ಪ್ಯಾರಾಮೀಟರ್ ಆಗಿರಲಿ. ಸಿಮ್ಯುಲೇಶನ್‌ನಲ್ಲಿ 256 ಸ್ಯಾಂಪಲ್‌ನ ಬಫರ್ ಇಟ್ಟರೆ ರಿಂಗ್ ಹತ್ತಾರು ಸಲ ಸುತ್ತಿಬರೋದನ್ನು ನಿಮಿಷದೊಳಗೆ ನೋಡಬಹುದು. ದೋಷಗಳು ಕೂತಿರೋದು ಆ ಸುತ್ತಿಕೊಳ್ಳೋ ಅಂಚಿನಲ್ಲೇ: ಬಫರ್ ಇನ್ನೂ ತುಂಬೋ ಮುಂಚೆಯೇ ಟ್ರಿಗರ್ ಬಂದರೆ? ಪಿಸಿ ಓದುತ್ತಿರುವಾಗ ಬಂದರೆ? ಪಿಸಿ ಅರ್ಧಕ್ಕೆ ಮಲಗಿಬಿಟ್ಟರೆ? ಈ ಪ್ರಶ್ನೆಗಳನ್ನು ಆರ್‌ಟಿಎಲ್ (ಹಾರ್ಡ್‌ವೇರ್ ಆಗೋ ವೆರಿಲಾಗ್ ಕೋಡ್) ಬರೆಯೋ ಮುಂಚೆ ಪಟ್ಟಿ ಮಾಡಿ.

ಫಿಲ್ಟರ್‌ಗೆ ಪೈಥಾನ್‌ನಲ್ಲಿ ಬಿಟ್ ಬಿಟ್‌ಗೂ ಹೊಂದೋ ಮಾದರಿ ಬರೀರಿ. ಫ್ಲೋಟಿಂಗ್ ಪಾಯಿಂಟ್ ಬೇಡ, ಹಳೇ_ಆಸಿಲೋಸ್ಕೋಪ್ ಹೇಳಿದ 40 ಬಿಟ್, ರೌಂಡಿಂಗ್ ಎಲ್ಲ ಹಾಗ್ಹಾಗೇ. ಕೋಕೋಟಿಬಿ (ಪೈಥಾನ್‌ನಲ್ಲೇ ಟೆಸ್ಟ್‌ಬೆಂಚ್ ಬರೆಯೋ ಲೈಬ್ರರಿ) ಇದ್ದರೆ ಅದೇ ಮಾದರಿಯನ್ನು ಟೆಸ್ಟ್‌ಬೆಂಚ್‌ಗೆ ನೇರ ಜೋಡಿಸಬಹುದು. ನೀವು ಸಾಫ್ಟ್‌ವೇರ್‌ನವರು, ಇದು ನಿಮಗೆ ನಮಗಿಂತ ಬೇಗ ಬರುತ್ತೆ. "ಹತ್ತಿರ ಹತ್ತಿರ ಹೊಂದುತ್ತೆ" ಅನ್ನೋ ಹೋಲಿಕೆ ಬೇಡ, ಒಂದು ಬಿಟ್ ವ್ಯತ್ಯಾಸ ಬಂದರೂ ಟೆಸ್ಟ್ ಫೇಲ್ ಆಗಬೇಕು. ಎಡಿಸಿಯ ಮಾದರಿಯಲ್ಲಿ ತಾಮ್ರದ_ಪದರ ಹೇಳಿದ ಐಸೊಲೇಟರ್ ತಡವನ್ನೂ ಸೇರಿಸಿ, ಇಲ್ಲದಿದ್ದರೆ ಸಿಮ್ಯುಲೇಶನ್‌ನಲ್ಲಿ ಎಲ್ಲ ಚೆಂದ ಕಾಣುತ್ತೆ.

ಬೋರ್ಡ್ ಮೇಲೆ ಡೀಬಗ್ ಮಾಡೋಕೂ ಜಾಗ ಬಿಡಬೇಕು. 128 ಸಿಗ್ನಲ್, 1024 ಸ್ಯಾಂಪಲ್ ಆಳದ ಒಂದು ಐಎಲ್‌ಎ (ಚಿಪ್ ಒಳಗೇ ಕೂತು ಸಿಗ್ನಲ್ ಹಿಡಿದಿಡೋ ಲಾಜಿಕ್ ಅನಲೈಸರ್) 4 ಬ್ಲಾಕ್ ರ್‍ಯಾಮ್ ತಿನ್ನುತ್ತೆ. 50ರಲ್ಲಿ ಹತ್ತನ್ನು ಇದಕ್ಕೇ ಅಂತ ಎತ್ತಿಡಿ.

ಗಿಟ್ ವಿಷಯ ನಿಮಗೆ ಹೇಳಿಕೊಡಬೇಕಿಲ್ಲ, ಆದರೆ ವಿವಾಡೊ ಪ್ರಾಜೆಕ್ಟ್ ಫೋಲ್ಡರನ್ನು ಇಡಿಯಾಗಿ ಒಳಗೆ ತಳ್ಳಬೇಡಿ. ಸೋರ್ಸ್, ಕನ್‌ಸ್ಟ್ರೇಂಟ್, ಪ್ರಾಜೆಕ್ಟನ್ನು ಸೊನ್ನೆಯಿಂದ ಕಟ್ಟೋ ಟಿಸಿಎಲ್ ಸ್ಕ್ರಿಪ್ಟ್, ಇಷ್ಟು ಸಾಕು. ಟೂಲ್ ಯಾವ ಆವೃತ್ತಿ ಅಂತ ಶುರುವಿನಲ್ಲೇ ಗೂಟ ಹೊಡೆದು, ಪ್ರಾಜೆಕ್ಟ್ ಮುಗಿಯೋವರೆಗೆ ಬದಲಿಸಬೇಡಿ. ಕಮಿಟ್ ಹ್ಯಾಶ್‌ನ ಮೊದಲ 32 ಬಿಟ್ ಅನ್ನು ಒಂದು ರಿಜಿಸ್ಟರ್‌ನಲ್ಲಿ ಓದೋ ಹಾಗೆ ಇಡಿ. ಮೇಜಿನ ಮೇಲಿರೋ ಬೋರ್ಡಿನಲ್ಲಿ ಯಾವ ಬಿಟ್‌ಸ್ಟ್ರೀಮ್ ಇದೆ ಅನ್ನೋ ವಾದ ಅಲ್ಲಿಗೆ ಮುಗಿಯುತ್ತೆ. ರಿಜಿಸ್ಟರ್ ಪಟ್ಟಿಯೂ ಒಂದೇ ಫೈಲ್‌ನಲ್ಲಿರಲಿ, ವೆರಿಲಾಗ್‌ಗೆ ಬೇಕಾದ್ದು, ಪಿಸಿಯ ಸಿ ಹೆಡರ್ ಎರಡೂ ಅದರಿಂದಲೇ ಹುಟ್ಟಲಿ.

ಫರ್ಮ್‌ವೇರ್_ಕೈ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ 31.5 ಮೈಕ್ರೋಸೆಕೆಂಡ್ ಓದಿ ಒಂದು ಕ್ಷಣ ಸುಮ್ಮನಾದೆ. ನಮ್ಮ ಬ್ಲಾಕ್ ಡಯಾಗ್ರಾಂನಲ್ಲಿ ಟ್ರಿಪ್ ಇರೋದು ಫಿಲ್ಟರ್ ಆದಮೇಲೇ. ಕಂಪ್ಯಾರೇಟರ್ ಬಗ್ಗೆ ಬೋರ್ಡ್ ಮಾಡೋರ ಹತ್ತಿರ ಮಾತಾಡ್ತೀನಿ.

ಹಳೇ_ಆಸಿಲೋಸ್ಕೋಪ್ ಸಾರ್, ಒಂದು ಸಂಶಯ. ಹಸಿ ಡೇಟಾ ನೋಡಿ ಟ್ರಿಪ್ ಮಾಡಿದರೆ ಸ್ವಿಚಿಂಗ್ ನಾಯ್ಸ್‌ನ ಒಂದು ಮುಳ್ಳು ಬಂದರೂ ಮೋಟಾರ್ ನಿಲ್ಲಲ್ವಾ? ಸತತವಾಗಿ 4 ಸ್ಯಾಂಪಲ್ ಮಿತಿ ದಾಟಿದರೆ ಮಾತ್ರ ಟ್ರಿಪ್ ಅಂತ ಇಡಬಹುದಾ?

ಹಳೇ_ಆಸಿಲೋಸ್ಕೋಪ್

ತಾಮ್ರದ_ಪದರ ಹೇಳಿದ್ದು ಸರಿ, ಈಥರ್‌ನೆಟ್ ಹಾಕಿ. ನಾನು ಲಾಜಿಕ್ ಸುಲಭ ಅನ್ನೋದನ್ನಷ್ಟೇ ನೋಡಿದ್ದೆ.

4 ಸ್ಯಾಂಪಲ್ ಆಗಲ್ಲ. ಲೆಕ್ಕ ಹಾಕೋಣ. ಒಂದು ಸ್ಯಾಂಪಲ್ ಆದ ಮರುಕ್ಷಣವೇ ಕರೆಂಟ್ ಮಿತಿ ದಾಟಿತು ಅನ್ನಿ. ಮುಂದಿನ ಸ್ಯಾಂಪಲ್‌ಗೆ 1 ಮೈಕ್ರೋಸೆಕೆಂಡ್ ಕಾಯಬೇಕು. ಅದು ಮೊದಲನೇದು. ನಾಲ್ಕನೇದು ಬರೋದು 4ಕ್ಕೆ. ಅದನ್ನು ಪರಿವರ್ತಿಸಿ ಓದೋಕೆ ಇನ್ನೊಂದು. ಅಲ್ಲಿಗೆ 5 ಮುಗೀತು, ಗೇಟ್ ಇನ್ನೂ ಆನ್ ಇದೆ. 3 ಸ್ಯಾಂಪಲ್ ಅಂದರೆ 4 ಮೈಕ್ರೋಸೆಕೆಂಡಿಗೆ ಡೇಟಾ ಕೈಯಲ್ಲಿ. ನಿಮ್ಮ ಲಾಜಿಕ್‌ಗೆ ಐದಾರು ಸೈಕಲ್, 60 ನ್ಯಾನೊಸೆಕೆಂಡ್, ಅದೇನೂ ದೊಡ್ಡದಲ್ಲ. ಉಳಿದದ್ದು 900 ನ್ಯಾನೊಸೆಕೆಂಡ್ ಚಿಲ್ಲರೆ.

ಆದರೆ ಎಡಿಸಿ ಮುಂದೆ ಆಂಟಿಏಲಿಯಾಸಿಂಗ್ ಫಿಲ್ಟರ್ ಇದ್ದೇ ಇರುತ್ತೆ. 300 ಕಿಲೊಹರ್ಟ್ಸ್‌ನ ಒಂದೇ ಆರ್‌ಸಿ ಅಂದುಕೊಂಡರೂ ಅದರ ಟೈಮ್ ಕಾನ್‌ಸ್ಟಂಟ್ 530 ನ್ಯಾನೊಸೆಕೆಂಡ್. ಕರೆಂಟ್ ಸೆನ್ಸರ್‌ಗೂ ತನ್ನದೇ ತಡ ಇರುತ್ತೆ. ಗೇಟ್ ಡ್ರೈವರ್‌ನ ಐಸೊಲೇಶನ್, ಸ್ವಿಚ್ ಆಫ್ ಆಗೋ ಸಮಯ, ಅದೂ ಇದೆ. ಇವನ್ನೆಲ್ಲ 5ರೊಳಗೆ ಹಿಡಿಸಬೇಕು ಅಂದರೆ 3 ಸ್ಯಾಂಪಲ್‌ಗೂ ಬಿಗಿ, ಬಹುಶಃ 2ಕ್ಕೆ ಇಳೀಬೇಕು. ಎರಡು ಮಟ್ಟ ಇಡೋದೂ ಒಂದು ದಾರಿ: ಮಿತಿಗಿಂತ ಸ್ವಲ್ಪ ಮೇಲಿದ್ದರೆ 3 ಸ್ಯಾಂಪಲ್ ನೋಡಿ, ತುಂಬಾ ಮೇಲಿದ್ದರೆ 1ಕ್ಕೇ ಟ್ರಿಪ್ ಮಾಡಿ. ಅದಕ್ಕೆ ಮಿತಿ ಮೀರಿದ್ದು ಸಣ್ಣದಾದರೆ ತಡವಾದರೂ ಸರಿ ಅಂತ ಗ್ರಾಹಕರು ಒಪ್ಪಬೇಕು.

ಹಾಗಾಗಿ ಅವರನ್ನು ಇನ್ನೊಂದು ವಿಷಯ ಕೇಳಿ: ಆ 5 ಮೈಕ್ರೋಸೆಕೆಂಡ್ ಎಲ್ಲಿಂದ ಎಲ್ಲಿಗೆ? ತಂತಿಯಲ್ಲಿ ಕರೆಂಟ್ ಮಿತಿ ದಾಟಿದ ಕ್ಷಣದಿಂದ ಕರೆಂಟ್ ಹರಿಯೋದು ನಿಲ್ಲೋವರೆಗಾ, ಇಲ್ಲ ಎಡಿಸಿ ಪಿನ್‌ನಿಂದ ಎಫ್‌ಪಿಜಿಎ ಪಿನ್‌ವರೆಗಾ? ಆ ಉತ್ತರ ಬರಹದಲ್ಲಿ ಕೈಗೆ ಬರೋವರೆಗೆ ಎಡಿಸಿ ಯಾವುದು ಅಂತ ಆರಿಸಬೇಡಿ. ಮೊದಲನೇ ಅರ್ಥದ್ದೇ ಆದರೆ ಇನ್ನೂ ವೇಗದ ಎಡಿಸಿ ಬೇಕಾಗಬಹುದು, ಆಗ ನಾನು ಮೇಲೆ ಬರೆದ 128 ಮೆಗಾಬಿಟ್‌ನಿಂದ ಹಿಡಿದು ಎಲ್ಲ ಲೆಕ್ಕ ಮತ್ತೊಂದು ಸಲ ಹಾಕಬೇಕು. ಉತ್ತರ ಬಂದಮೇಲೆ ಇಲ್ಲೇ ಹಾಕಿ, ನೋಡೋಣ.